ಆಲ್ದೂರಿಗೆ ಸೂಪರ್‌ಕಾರ್ ತರೋ ಲೆಕ್ಕ: ನಮ್ ಭಾವನ ಲೀಸ್ ಪ್ರಕರಣ

"ಲೀಸ್ ಅಂದ್ರೆ ಭೋಗ್ಯ ತಾನೆ, ಮೂರು ವರ್ಷ ಓಡ್ಸಿ ಗಾಡಿ ವಾಪಸ್ ಕೊಟ್ರೆ ದುಡ್ಡು ವಾಪಸ್ ಕೊಡ್ತಾರಲ್ಲ, ಮತ್ತೆಂತ ಯೋಚ್ನೆ" ಅಂತ ಅಕ್ಕನ ಅತ್ತೆ ಕಾಫಿ ಲೋಟ ಮುಂದಿಟ್ಟು ಕೇಳಿದಾಗ ನಾನು ಭಾವ ಇಬ್ರೂ ನಕ್ಕುಬಿಟ್ವಿ. ಮನೆ ಭೋಗ್ಯಕ್ಕೆ ಹಾಕ್ಕೊಂಡಂಗೆ ಅಂತ ಅವ್ರು ತಿಳ್ಕೊಂಡಿದ್ರು, ಕರ್ನಾಟಕದಲ್ಲಿ ಲೀಸ್ ಅಂದ್ರೆ ಅದೇ ತಾನೆ ನೆನಪಾಗೋದು. ಆಮೇಲೆ ಕೊಟೇಷನ್ನು, ಅಗ್ರಿಮೆಂಟು ಎಲ್ಲಾ ಕೂತು ಓದಿದ್ಮೇಲೆ ಗೊತ್ತಾಯ್ತು, ಇಡೀ ವ್ಯವಹಾರದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವ್ರೊಬ್ರೇ ಅಂತ.

ಹಿನ್ನೆಲೆ ಇಷ್ಟು. ಭಾವಂದು ಚಿಕ್ಕಮಗಳೂರಿನ ಆಲ್ದೂರು ಕಡೆ ಕಾಫಿ ತೋಟ, ಅರೇಬಿಕಾ ಜಾಸ್ತಿ, ರೋಬಸ್ಟಾ ಸ್ವಲ್ಪ, ಮೆಣಸು, ಜೊತೆಗೆ ಎಂಟು ರೂಮಿನ ಹೋಮ್‌ಸ್ಟೇ ಒಂದು ಎಲ್‌ಎಲ್‌ಪಿ (ಪಾಲುದಾರರ ಸಂಸ್ಥೆ) ಹೆಸರಲ್ಲಿ. 2025ರ ಶುರುವಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) 50 ಕೆಜಿ ಮೂಟೆಗೆ 25,000 ದಾಟಿದ್ದು ನಿಮಗೆಲ್ಲ ನೆನಪಿರ್ಬೇಕು, ನ್ಯೂಯಾರ್ಕ್ ಮಾರ್ಕೆಟ್ಟಲ್ಲಿ ಪೌಂಡಿಗೆ 4 ಡಾಲರ್ ಮೇಲೆ ಹೋಗಿತ್ತು. 94ರಲ್ಲಿ ಬ್ರೆಜಿಲ್ಲಲ್ಲಿ ಹಿಮ ಬಿದ್ದು ರೇಟ್ ಹಾರಿದಾಗ ನಮ್ ಕಡೆ ಯಾರ್ಯಾರು ಯಾವ್ಯಾವ ಕಾರು ತಗೊಂಡ್ರು ಅನ್ನೋ ಕಥೆ ಇವತ್ತಿಗೂ ಕ್ಲಬ್ಬಲ್ಲಿ ಓಡುತ್ತೆ. ಭಾವ ಆಗ ಕಾಲೇಜು ಹುಡ್ಗ, ಅವನಪ್ಪ ಏನೂ ತಗೊಳ್ಲಿಲ್ಲ, ಸಾಲ ತೀರ್ಸಿದ್ರು. ಆ ಹೊಟ್ಟೆಉರಿ ಮೂವತ್ತು ವರ್ಷ ಒಳಗೇ ಇತ್ತೇನೋ, ಈ ಸಲ ದುಡ್ಡು ಬಂದಿದ್ದೇ ಹೊರಗೆ ಬಂತು.

ಬೆಂಕಿಗೆ ತುಪ್ಪ ಸುರಿದಿದ್ದು ಅಮೆರಿಕದಲ್ಲಿರೋ ಅಕ್ಕನ ಮಗ. ಅಲ್ಲಿ ಸೂಪರ್‌ಕಾರ್‌ನೂ ಲೀಸಿಗೆ ತಗೋತಾರೆ, ಡಿಸ್ಕೌಂಟ್ ಮೇಲೆ ಡಿಸ್ಕೌಂಟ್, ನನ್ ಫ್ರೆಂಡ್ ಒಬ್ಬ ತಗೊಂಡಿದ್ದಾನೆ ಅಂತ ಫೋಟೋ ಕಳಿಸಿದ. ಅವನು ಹೇಳಿದ್ದು ಸುಳ್ಳಲ್ಲ, ಆದ್ರೆ ಅಲ್ಲಿನ ಲೆಕ್ಕ ಬೇರೆ. ಅಲ್ಲಿ ಲೀಸ್ ಬಡ್ಡಿನ ಮನಿ ಫ್ಯಾಕ್ಟರ್ ಅಂತ ಪುಟಾಣಿ ನಂಬರಲ್ಲಿ ಬರೀತಾರೆ, 0.0025 ಅಂತ ಇದ್ರೆ 2400ರಿಂದ ಗುಣಿಸಿ, ವರ್ಷಕ್ಕೆ 6 ಪರ್ಸೆಂಟ್ ಬರುತ್ತೆ. ಕಾರ್ ಕಂಪನಿಗೆ ಸ್ಟಾಕ್ ಖಾಲಿ ಮಾಡ್ಬೇಕು ಅಂದ್ರೆ ತನ್ನದೇ ಫೈನಾನ್ಸ್ ಕಡೆಯಿಂದ ಬಡ್ಡಿ ಇಳಿಸುತ್ತೆ, ಲೀಸ್ ಮುಗಿಯೋವಾಗ ಗಾಡಿಗೆ ಕಟ್ಟೋ ಕೊನೆಯ ಬೆಲೆನ ಬೇಕಂತಲೇ ಜಾಸ್ತಿ ಹಾಕುತ್ತೆ, ನಡುವಿನ ವ್ಯತ್ಯಾಸ ಕಮ್ಮಿಯಾಗಿ ತಿಂಗಳ ಕಂತು ಕೆಳಗೆ ಬರುತ್ತೆ. ಪೆಟ್ರೋಲಲ್ಲೂ ಓಡೋ, ಚಾರ್ಜೂ ಮಾಡ್ಬಹುದಾದ ಪ್ಲಗ್-ಇನ್ ಹೈಬ್ರಿಡ್ ಗಾಡಿಗಳಿಗೆ ಲೀಸ್ ಕಂಪನಿಗೆ 7,500 ಡಾಲರ್‌ವರೆಗೆ ಸರ್ಕಾರದ ಕ್ರೆಡಿಟ್ ಬೇರೆ ಸಿಗ್ತಿತ್ತು, ಅದು 2025 ಸೆಪ್ಟೆಂಬರ್ 30ಕ್ಕೆ ಮುಗೀತು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಸಾಮಾನ್ಯ ಜನಕ್ಕೆ ಕೊಡೋ ಲೀಸ್ ಹೆಚ್ಚಾಗಿ ಕ್ಲೋಸ್ಡ್-ಎಂಡ್, ಅಂದ್ರೆ ಅವಧಿ ಮುಗಿದ್ಮೇಲೆ ಕೀ ಟೇಬಲ್ ಮೇಲಿಟ್ಟು ಮನೆಗೆ ಬಂದ್ರಾಯ್ತು, ಮಾರ್ಕೆಟ್ಟಲ್ಲಿ ಕಾರು ಅರ್ಧ ರೇಟಿಗೆ ಬಿದ್ದಿದ್ರೂ ಅದು ಅವರ ತಲೆನೋವು. ಈ ಕೊನೇ ಸಾಲನ್ನ ಅಳಿಯ ಹೇಳೋದು ಮರೆತಿದ್ದ, ಅವನಿಗೆ ಅದು ಹೇಳ್ಬೇಕಾದ ವಿಷಯ ಅಂತಾನೇ ಅನ್ಸಿಲ್ಲ.

ಭಾವ ಹುಡುಕ್ತಾ ಹುಡುಕ್ತಾ ಹೊರಗಿನ ಊರಿನ ಒಬ್ಬ ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರ್ ಡೀಲರ್ ಹತ್ರ ಬಂದು ನಿಂತ (ಹೆಸರು ಬೇಡ ಬಿಡಿ). ಗಾಡಿ ಮೆಕ್‌ಲಾರೆನ್ ಆರ್ಟುರಾ, 2023ರ ಕೊನೆಗೆ ರಿಜಿಸ್ಟ್ರೇಷನ್ ಆಗಿದ್ದು, ಮಹಾರಾಷ್ಟ್ರ ನಂಬರು, ಓಡಿರೋದು 4,000 ಕಿಮೀ ಒಳಗೆ. ಆರ್ಟುರಾ ಭಾರತಕ್ಕೆ ಬಂದಿದ್ದು 2023ರ ಮೇ ತಿಂಗಳಲ್ಲಿ, ಆಗ ಎಕ್ಸ್-ಶೋರೂಮ್ 5.1 ಕೋಟಿ. ಈ ಡೀಲರ್ ಹೇಳಿದ್ದು 3.6 ಕೋಟಿ. ಒಂದೂವರೆ ಕೋಟಿ ಡಿಸ್ಕೌಂಟು ಮಾರಾಯ, ಎರಡು ವರ್ಷಕ್ಕೆ, ಟಯರ್ ಕೂಡ ಸವೆದಿಲ್ಲ ಅಂತ ಭಾವ ಫೋನಲ್ಲಿ ಕೂಗ್ತಿದ್ದ. ದುಡ್ಡು ಪೂರ್ತಿ ಹಾಕೋದು ಬೇಡ, ಒಂದು ಲೀಸಿಂಗ್ ಕಂಪನಿ ಇದೆ, ಹೋಮ್‌ಸ್ಟೇ ಎಲ್‌ಎಲ್‌ಪಿ ಹೆಸರಲ್ಲಿ 36 ತಿಂಗಳಿಗೆ ಮಾಡ್ಕೊಡ್ತೀವಿ, ಟ್ಯಾಕ್ಸಲ್ಲೂ ಉಳಿಯುತ್ತೆ ಅಂತ ಡೀಲರ್ ಹುಡ್ಗ ತುಂಬ ಚೆನ್ನಾಗಿ ಮಾತಾಡಿದ್ದ. ನಾನು ಚಿಕ್ಕಮಗಳೂರಲ್ಲಿ ಲೆಕ್ಕ ಬರೆಯೋ ಕೆಲ್ಸ ಮಾಡೋನು, ಅದಕ್ಕೆ ನನ್ನ ಕರೆಸಿದ್ದು.

ಗಾಡಿ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ನಾನು ಬೈಯೋಕೆ ಅಂತಾನೇ ಹೋಗಿದ್ದೆ, ಆದ್ರೆ ಸ್ಪೆಕ್ ಓದಿ ಬಾಯಿ ಮುಚ್ಚಿತು. 3 ಲೀಟರ್ ವಿ6 ಟ್ವಿನ್ ಟರ್ಬೋ ಜೊತೆಗೆ ಎಲೆಕ್ಟ್ರಿಕ್ ಮೋಟರ್, ಒಟ್ಟು 680 ಪಿಎಸ್, 720 ಎನ್‌ಎಂ, ಇಷ್ಟೆಲ್ಲ ಇದ್ದೂ ತೂಕ ಒಂದೂವರೆ ಟನ್ ಆಸುಪಾಸು, ನೂರಕ್ಕೆ 3 ಸೆಕೆಂಡ್. 7.4 ಕಿಲೋವ್ಯಾಟ್ ಅವರ್ ಬ್ಯಾಟರಿಲಿ ಸುಮಾರು 30 ಕಿಮೀ ಸದ್ದಿಲ್ಲದೆ ಹೋಗುತ್ತೆ. ಇನ್ನೊಂದು ಮಜಾ, ಇದಕ್ಕೆ ರಿವರ್ಸ್ ಗೇರೇ ಇಲ್ಲ, ಮೋಟರ್ ಉಲ್ಟಾ ತಿರುಗಿ ಗಾಡಿ ಹಿಂದಕ್ಕೆ ಹೋಗುತ್ತೆ. ತೋಟದ ಗೇಟಲ್ಲಿ ರಿವರ್ಸ್ ಹೊಡೆಯೋವಾಗ ಬ್ಯಾಟರಿ ಖಾಲಿ ಆದ್ರೆ ಎಂತ ಮಾಡ್ತೀಯ ಅಂತ ಭಾವನ್ನ ಕಾಡಿಸ್ದೆ, ಅದಕ್ಕೆ ಗಾಡಿನೇ ಚಾರ್ಜ್ ಉಳ್ಸ್ಕೊಳುತ್ತೆ ಅಂತ ಸಿಟ್ಟಾದ.

ಈಗ ಕೊಟೇಷನ್. ಬೆಲೆ 3.6 ಕೋಟಿ, ರೆಸಿಡ್ಯುಯಲ್ ಅಂದ್ರೆ ಮೂರು ವರ್ಷದ ಕೊನೆಗೆ ಗಾಡಿಗೆ ಕಟ್ಟಿದ ಬೆಲೆ 40 ಪರ್ಸೆಂಟ್, 1.44 ಕೋಟಿ. ನಡುವಿನ 2.16 ಕೋಟಿನ 36 ತಿಂಗಳಿಗೆ ಹಂಚಿದ್ರೆ ತಿಂಗಳಿಗೆ 6 ಲಕ್ಷ, ಇದು ಸವಕಲು. ಬಡ್ಡಿ 12 ಪರ್ಸೆಂಟ್ ಲೆಕ್ಕ, ಶುರುವಿನ ಬೆಲೆ ಕೊನೆಯ ಬೆಲೆ ಎರಡರ ಸರಾಸರಿ 2.52 ಕೋಟಿ ಮೇಲೆ, ತಿಂಗಳಿಗೆ 2.52 ಲಕ್ಷ. ಒಟ್ಟು 8.52 ಲಕ್ಷ, ಕೆಳಗೆ ಸಣ್ಣ ಅಕ್ಷರದಲ್ಲಿ "ಅನ್ವಯವಾಗುವ ಜಿಎಸ್‌ಟಿ ಪ್ರತ್ಯೇಕ". ಸೆಕ್ಯುರಿಟಿ ಡೆಪಾಸಿಟ್ 60 ಲಕ್ಷ, ಬಡ್ಡಿ ಇಲ್ಲ. ವರ್ಷಕ್ಕೆ 5,000 ಕಿಮೀ ಮಿತಿ.

ಆ ಜಿಎಸ್‌ಟಿ ಸಾಲೇ ನನ್ನ ಮೊದಲ ತಕರಾರು. 2025 ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ 40 ಪರ್ಸೆಂಟ್, ಹಳೇ ಕಾರು ಮಾರೋವಾಗ ಡೀಲರ್‌ಗೆ ಉಳಿಯೋ ಮಾರ್ಜಿನ್ ಮೇಲೆ 18, ಲೀಸ್ ಬಾಡಿಗೆಗೆ ನೀವು ಯಾವುದು ಹಾಕ್ತೀರ ಅಂತ ಲಿಖಿತವಾಗಿ ಕೊಡಿ ಅಂದೆ. 18 ಆದ್ರೆ ತಿಂಗಳಿಗೆ 10.05 ಲಕ್ಷ, 40 ಆದ್ರೆ 11.93 ಲಕ್ಷ, ಮೂರು ವರ್ಷಕ್ಕೆ ಎರಡರ ವ್ಯತ್ಯಾಸನೇ 67 ಲಕ್ಷ. ಆ ದುಡ್ಡಲ್ಲಿ ಹೋಮ್‌ಸ್ಟೇಗೆ ಇನ್ನೊಂದು ಕಾಟೇಜು ಕಟ್ಬಹುದು. ಕಟ್ಟಿದ ಜಿಎಸ್‌ಟಿ ವಾಪಸ್ ತಗೊಳ್ಳೋಣ ಅಂದ್ರೆ ಅದೂ ಆಗಲ್ಲ, ಹದಿಮೂರು ಸೀಟಿನ ಒಳಗಿನ ಪ್ಯಾಸೆಂಜರ್ ಗಾಡಿಗೆ ಜಿಎಸ್‌ಟಿ ಕಾಯ್ದೆಯ 17(5)ರಲ್ಲಿ ಇನ್‌ಪುಟ್ ಕ್ರೆಡಿಟ್ ಬಂದ್, ಗಾಡಿ ಮಾರೋ, ಬಾಡಿಗೆ ಓಡ್ಸೋ ಅಥವಾ ಡ್ರೈವಿಂಗ್ ಕಲಿಸೋ ಧಂದೆ ಇದ್ರೆ ಮಾತ್ರ ಸಿಗೋದು.

ಟ್ಯಾಕ್ಸ್ ಉಳಿಯುತ್ತೆ ಅನ್ನೋದು ಇನ್ನೂ ದೊಡ್ಡ ತಮಾಷೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕಂಪನಿ ಇಟ್ಕೊಂಡೋನಿಗೆ ಲೀಸ್ ಬಾಡಿಗೆನ ಖರ್ಚು ತೋರಿಸಿ ಉಳಿಸ್ಬಹುದೇನೋ, ಕಾಫಿ ಬೆಳೆಗಾರನಿಗೆ ಉಳ್ಸೋಕೆ ಟ್ಯಾಕ್ಸೇ ಎಲ್ಲಿದೆ? ಬೆಳೆದು ಹಾಗೇ ಮಾರಿದ್ರೆ ಪೂರ್ತಿ ಕೃಷಿ ಆದಾಯ. ಕ್ಯೂರಿಂಗ್ (ಹೊಟ್ಟು ತೆಗೆದು ಬೀಜ ವಿಂಗಡಿಸೋದು) ಮಾಡಿ ಮಾರಿದ್ರೆ ಇನ್‌ಕಮ್ ಟ್ಯಾಕ್ಸ್ ನಿಯಮದ ಪ್ರಕಾರ 25 ಪರ್ಸೆಂಟ್ ಮಾತ್ರ ಬಿಸಿನೆಸ್ ಆದಾಯ, ಹುರಿದು ಪುಡಿ ಮಾಡಿ ಮಾರಿದ್ರೆ 40. ಉಳಿದದ್ದಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಟ್ಯಾಕ್ಸ್ ಇರೋದು ಹೋಮ್‌ಸ್ಟೇಗೆ, ಅದರ ಇಡೀ ವರ್ಷದ ಕಲೆಕ್ಷನ್ನೇ ಈ ಬಾಡಿಗೆಗಿಂತ ಕಮ್ಮಿ. ಎಂಟು ರೂಮಿನ ಹೋಮ್‌ಸ್ಟೇ ವರ್ಷಕ್ಕೆ ಒಂದು ಕೋಟಿ ಮೇಲೆ ಇಬ್ರು ಕೂರೋ ಕಾರಿಗೆ ಖರ್ಚು ಮಾಡ್ತು ಅಂತ ರಿಟರ್ನಲ್ಲಿ ಬರೆದ್ರೆ ಆಫೀಸರ್ ನಗದೆ ಬಿಡ್ತಾರಾ, ಗೆಸ್ಟ್‌ಗಳನ್ನ ಮುಳ್ಳಯ್ಯನಗಿರಿಗೆ ಒಬ್ಬೊಬ್ರಾಗಿ ಕರ್ಕೊಂಡು ಹೋಗೋಕೆ ಅಂತ ಹೇಳ್ಬೇಕಾಗುತ್ತೆ.

ಆಮೇಲೆ ನಂಬರ್ ಪ್ಲೇಟು. ಸೂಪರ್‌ಕಾರುಗಳು ಮಹಾರಾಷ್ಟ್ರದಲ್ಲಿ ಯಾಕೆ ರಿಜಿಸ್ಟರ್ ಆಗ್ತವೆ ಅಂದ್ರೆ ಅಲ್ಲಿ ರೋಡ್ ಟ್ಯಾಕ್ಸಿಗೆ ಮೇಲ್ಮಿತಿ ಇದೆ, 20 ಲಕ್ಷ ಇತ್ತು, 2025ರಲ್ಲಿ 30 ಮಾಡಿದ್ರು. ನಮ್ಮಲ್ಲಿ ಮಿತಿ ಗಿತಿ ಇಲ್ಲ, 20 ಲಕ್ಷ ಮೇಲಿನ ಕಾರಿಗೆ 18 ಪರ್ಸೆಂಟ್, ಅದರ ಮೇಲೆ 11 ಪರ್ಸೆಂಟ್ ಸೆಸ್, ಹತ್ರ ಹತ್ರ 20. 5.1 ಕೋಟಿ ಕಾರಿಗೆ ಒಂದು ಕೋಟಿ ಎರಡು ಲಕ್ಷ. ಹಳೇ ಗಾಡಿ ಅಂತ ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ಇಳಿದ್ರೂ ಮುಕ್ಕಾಲು ಕೋಟಿ ಮೇಲೇನೇ. ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇಟ್ಕೊಂಡ್ರೆ ಇಲ್ಲಿನ ನಂಬರ್ ಹಾಕಿಸ್ಲೇಬೇಕು, 36 ತಿಂಗಳ ಲೀಸ್ ಅಂದ್ಮೇಲೆ ತಪ್ಪಿಸ್ಕೊಳ್ಳೋ ಮಾತೇ ಇಲ್ಲ. ಯಾರು ಹಿಡೀತಾರೆ ನಮ್ ಆಲ್ದೂರಲ್ಲಿ ಅಂದ ಭಾವ. 2025ರ ಫೆಬ್ರವರಿಲಿ ಬೆಂಗಳೂರಲ್ಲಿ ಸಾರಿಗೆ ಇಲಾಖೆಯವ್ರು ಒಂದೇ ಕಾರ್ಯಾಚರಣೆಲಿ 30 ಲಕ್ಷುರಿ ಕಾರು ಹಿಡಿದ್ರು, ಅದೇ ಜುಲೈಲಿ ಒಂದು ಮಹಾರಾಷ್ಟ್ರ ನಂಬರಿನ ಫೆರಾರಿಗೆ 1.41 ಕೋಟಿ ಟ್ಯಾಕ್ಸ್ ಕಟ್ಟಿಸ್ಕೊಂಡ್ರು, ಪೇಪರಲ್ಲೆಲ್ಲ ಬಂದಿತ್ತು. ಬೆಂಗಳೂರಲ್ಲಿ ಸಾವಿರ ಕಾರಿನ ಮಧ್ಯೆ ಸಿಕ್ಕಿಬಿದ್ರೆ ಆಲ್ದೂರಲ್ಲಿ ಬಾಗಿಲು ಮೇಲಕ್ಕೆ ಎದ್ದೇಳೋ ಕಾರು ಒಂದೇ ಇರುತ್ತೆ ಕಣೋ ಅಂದೆ. ಅಗ್ರಿಮೆಂಟಲ್ಲಿ ನೋಡಿದ್ರೆ ರಾಜ್ಯದ ಎಲ್ಲಾ ತೆರಿಗೆ ಲೀಸ್ ತಗೊಂಡೋನ ಜವಾಬ್ದಾರಿ ಅಂತ ಇತ್ತು. ಅಂದ್ರೆ ಬೇರೆಯವ್ರ ಕಾರಿಗೆ ನಾವು ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ಮೂರು ವರ್ಷ ಬಿಟ್ಟು ಟ್ಯಾಕ್ಸ್ ಸಮೇತ ಕಾರನ್ನ ಅವ್ರಿಗೇ ವಾಪಸ್ ಕೊಡ್ಬೇಕು.

ಇಷ್ಟಾದ್ರೂ ಭಾವ ಜಗ್ಗಲಿಲ್ಲ. ಅವನ ವಾದ ಒಂದೇ, ಈ ಕಾರಿನ ಬೆಲೆ ಬೀಳುತ್ತೆ ಅಂತ ನಂಗೂ ಗೊತ್ತು, ಅದಕ್ಕೇ ಲೀಸು, ಬೀಳೋದು ಅವರ ತಲೆ ಮೇಲೆ ಬೀಳ್ಲಿ. ವಾದ ಸರಿಯಾಗೇ ಇದೆ ನೋಡಿ. ರೀಸೇಲ್ ಬಗ್ಗೆ ಭಯ ಇರೋ ಕಾರನ್ನ ಲೀಸಿಗೆ ತಗೊಳ್ಳೋದೇ ಜಾಣತನ, ಪೋರ್ಷೆ 911 ಥರ ಬೆಲೆ ಹಿಡ್ಕೊಳ್ಳೋ ಗಾಡಿನ ಬೇಕಿದ್ರೆ ಕೊಂಡ್ಕೊಳ್ಳಿ. ಮೆಕ್‌ಲಾರೆನ್‌ಗಳು ಬೇಗ ಬೆಲೆ ಕಳ್ಕೊಳ್ತವೆ ಅನ್ನೋದು ಜಗತ್ತಿಗೆಲ್ಲ ಗೊತ್ತಿರೋ ವಿಷಯ. ಅದ್ರಲ್ಲೂ ಆರ್ಟುರಾ ಹೊಸ ಇಂಜಿನ್ನು, ಹೊಸ ಚಾಸಿ, ಹೊಸ ವೈರಿಂಗು ಎಲ್ಲಾ ಒಟ್ಟಿಗೆ. 2021ರಲ್ಲಿ ತೋರ್ಸಿದ ಕಾರು ಗಿರಾಕಿ ಕೈಗೆ ಬರೋಕೆ 2022 ಆಯ್ತು. ಅದೇ ವರ್ಷ ಅಮೆರಿಕದಲ್ಲಿ ಹೈ ಪ್ರೆಶರ್ ಫ್ಯುಯೆಲ್ ಪೈಪಿನ ನಟ್ ಸಡಿಲ ಆಗಿ ಪೆಟ್ರೋಲ್ ಸೋರಿ ಬೆಂಕಿ ಹತ್ಕೊಳ್ಳೋ ಅಪಾಯ ಅಂತ ರೀಕಾಲ್ ಆಯ್ತು. 2024ರಲ್ಲಿ ಅದೇ ಕಾರಿಗೆ 700 ಪಿಎಸ್ ಬಂತು, ಸ್ಪೈಡರ್ ಬಂತು, ಮೊದಲಿನ ಬ್ಯಾಚ್ ಹಳೇದಾಯ್ತು. ಕಂಪನಿನೇ 2025ರಲ್ಲಿ ಅಬುಧಾಬಿಯ ಸಿವೈವಿಎನ್ ಹೋಲ್ಡಿಂಗ್ಸ್ ಕೈಗೆ ಹೋಯ್ತು, ದುಡ್ಡಿರೋ ಮಾಲೀಕ ಬಂದಿದ್ದು ಒಳ್ಳೇದೇ, ಆದ್ರೆ ಕೊಳ್ಳೋನು ಇಂಥಾ ಹೊತ್ತಲ್ಲಿ ಕಾದು ನೋಡ್ತಾನೆ.

ನಮ್ ದೇಶದಲ್ಲಿ ಇದಕ್ಕಿಂತ ದೊಡ್ಡ ವಿಷಯ ಸುಂಕ. 2025 ಜುಲೈ 24ರಂದು ಭಾರತ ಬ್ರಿಟನ್ ಮಧ್ಯೆ ವ್ಯಾಪಾರ ಒಪ್ಪಂದಕ್ಕೆ ಸಹಿ ಆಯ್ತು, ಬ್ರಿಟನ್ನಲ್ಲಿ ತಯಾರಾದ ಪೆಟ್ರೋಲ್, ಡೀಸೆಲ್ ಕಾರಿಗೆ 100 ಪರ್ಸೆಂಟಿಗೂ ಮೇಲಿದ್ದ ಆಮದು ಸುಂಕ ಕೋಟಾದ ಒಳಗೆ ಹಂತ ಹಂತವಾಗಿ 10 ಪರ್ಸೆಂಟಿಗೆ ಇಳಿಯುತ್ತೆ, ಹೈಬ್ರಿಡ್‌ಗೆ ಮಾತ್ರ ಮೊದಲ ಐದು ವರ್ಷ ರಿಯಾಯಿತಿ ಇಲ್ಲ. ಆರ್ಟುರಾ ತಯಾರಾಗೋದು ಇಂಗ್ಲೆಂಡಿನ ವೋಕಿಂಗಲ್ಲೇ ಆದ್ರೂ ಅದು ಹೈಬ್ರಿಡ್. ಬ್ರಿಟನ್ನಿನ ಬೇರೆ ಹೊಸ ಪೆಟ್ರೋಲ್ ಸೂಪರ್‌ಕಾರುಗಳು ಅಗ್ಗ ಆದ್ರೆ ಪೂರ್ತಿ ಸುಂಕ ಕಟ್ಟಿ ತಂದ ಈ ಹಳೇ ಹೈಬ್ರಿಡ್ಡನ್ನ 2028ರಲ್ಲಿ ಯಾರು ಮೂಸಿ ನೋಡ್ತಾರೆ? ಭಾವ ಡಿಸ್ಕೌಂಟ್ ಅಂತ ಕುಣಿದ ಒಂದೂವರೆ ಕೋಟಿ ನಿಜಕ್ಕೂ ಡಿಸ್ಕೌಂಟ್ ಅಲ್ಲ, ಮೊದಲನೇ ಮಾಲೀಕನ ನಷ್ಟ, ಮಾರ್ಕೆಟ್ ಮುಂದೆ ಬರೋದನ್ನ ಈಗ್ಲೇ ಲೆಕ್ಕ ಹಾಕಿ ಇಟ್ಟಿರೋ ರೇಟು. ಕಾಫಿ ರೇಟ್ ಇಳಿಯೋ ಸೂಚನೆ ಸಿಕ್ಕಿದಾಗ ವ್ಯಾಪಾರಿ ಮೊದಲು ಔಟ್‌ಟರ್ನ್ (ಮೂಟೆಯಿಂದ ಸಿಗೋ ಬೀಜದ ಲೆಕ್ಕ) ಸರಿ ಇಲ್ಲ ಅಂತ ರಾಗ ತೆಗೀತಾನಲ್ಲ, ಹಾಗೆ.

ಸರಿ, ಬೀಳೋದು ಗ್ಯಾರಂಟಿ, ಲೀಸ್ ಕಂಪನಿ ಅದನ್ನ ಹೊರುತ್ತಾ? ಅಗ್ರಿಮೆಂಟಿನ ಹನ್ನೊಂದನೇ ಪುಟಕ್ಕೆ ಬಂದಾಗ ರಾತ್ರಿ ಹತ್ತೂವರೆ, ಕರೆಂಟ್ ಹೋಗಿತ್ತು, ಮೊಬೈಲ್ ಲೈಟಲ್ಲಿ ಓದಿದ್ದು. ಅವಧಿ ಮುಗಿದ್ಮೇಲೆ ಗಾಡಿನ ಕಂಪನಿ ಮಾರುತ್ತೆ, ಬಂದ ದುಡ್ಡು 1.44 ಕೋಟಿಗಿಂತ ಕಮ್ಮಿ ಆದ್ರೆ ಆ ಕೊರತೆನ ಲೀಸ್ ತಗೊಂಡೋನು ತುಂಬಿಕೊಡ್ಬೇಕು, ಮೊದಲು ಡೆಪಾಸಿಟ್ಟಿಂದ ಹಿಡ್ಕೋತಾರೆ. ಓಪನ್-ಎಂಡ್ ಲೀಸ್. ಜಾಸ್ತಿ ಬಂದ್ರೆ ನಮಗೆ ಕೊಡ್ತಾರಾ ಅಂತ ಹುಡುಕ್ದೆ, ಅದರ ಬಗ್ಗೆ ಒಂದು ಅಕ್ಷರ ಇಲ್ಲ.

ಭಾವನಿಗೆ ಇದನ್ನ ಹೇಗೆ ಹೇಳೋದು ಅಂತ ಯೋಚ್ನೆ ಮಾಡಿ ಕೊನೆಗೆ ಮೆಣಸಿನ ಉದಾಹರಣೆ ಕೊಟ್ಟೆ. ನೀನು ಮೆಣಸು ಬಳ್ಳಿ ಮೇಲೆ ಇರೋವಾಗ್ಲೇ ಗುತ್ತಿಗೆ ಕೊಡ್ತೀಯ, ಗುತ್ತಿಗೆದಾರ ದುಡ್ಡು ಕೊಟ್ಮೇಲೆ ಗಾಳಿಗೆ ಬಳ್ಳಿ ಉರುಳಿದ್ರೆ, ರೇಟ್ ಬಿದ್ರೆ ಅವನ ಹಣೆಬರಹ, ಅದಕ್ಕೇ ಅವನು ನಿನ್ ಅಂದಾಜಿಗಿಂತ ಕಮ್ಮಿಗೆ ಕೇಳೋದು. ಈಗ ಒಬ್ಬ ಗುತ್ತಿಗೆದಾರ ಬಂದು ಕಮ್ಮಿ ರೇಟಿಗೇ ಕೇಳಿ, ಆಮೇಲೆ ಫಸಲು ಕಮ್ಮಿ ಆದ್ರೆ ನೀನೇ ತುಂಬ್ಕೊಡು ಅಂದ್ರೆ ಬಿಡ್ತೀಯಾ? ನಾಯಿ ಬಿಟ್ಟು ಓಡಿಸ್ತೀನಿ ಅಂದ. ಹಾಗಾದ್ರೆ ಇದೂ ಅದೇ ಅಂದೆ. ಸುಮಾರು ಹೊತ್ತು ಮಾತಾಡ್ಲಿಲ್ಲ.

ಬೆಳಿಗ್ಗೆ ಎರಡೂ ಲೆಕ್ಕ ಪಕ್ಕ ಪಕ್ಕ ಬರೆದೆ. ಕೈಯಿಂದ 3.6 ಕೋಟಿ ಹಾಕಿ ಕೊಂಡು ಮೂರು ವರ್ಷ ಬಿಟ್ಟು 1.44ಕ್ಕೆ ಮಾರಿದ್ರೆ ನಷ್ಟ 2.16 ಕೋಟಿ, ಆ ದುಡ್ಡನ್ನ 7 ಪರ್ಸೆಂಟಿಗೆ ಇಟ್ಟಿದ್ರೆ ಬರ್ತಿದ್ದ ಬಡ್ಡಿ ಮುಕ್ಕಾಲು ಕೋಟಿ, ಒಟ್ಟು 2.9 ಕೋಟಿ. ಲೀಸಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಹಿಡಿದ್ರೂ 3.62 ಕೋಟಿ, ಡೆಪಾಸಿಟ್ಟಿನ ಬಡ್ಡಿ ಹೋಗಿದ್ದು ಬೇರೆ. ಎಪ್ಪತ್ತು ಲಕ್ಷಕ್ಕೂ ಮೇಲೆ ಜಾಸ್ತಿ ಕೊಡೋದು ಯಾತಕ್ಕೆ? ಬೆಲೆ ಬೀಳೋ ಅಪಾಯನ ಬೇರೆಯವ್ರಿಗೆ ದಾಟ್ಸೋಕೆ ಆಗಿದ್ರೆ ಕೊಡ್ಬಹುದಿತ್ತು, ನಾನೇ ಕೊಡು ಅಂತಿದ್ದೆ. ಆದ್ರೆ ಆ ಷರತ್ತು ಅಪಾಯನ ತಿರುಗಿಸಿ ನಮ್ ಮನೆ ಬಾಗಿಲಿಗೇ ತಂದು ಬಿಡುತ್ತೆ. 15,000 ಕಿಮೀಗೆ ಭಾಗಿಸಿದ್ರೆ ಕಿಲೋಮೀಟರಿಗೆ 2,400 ರೂಪಾಯಿ, ಬೆಂಗಳೂರಿಗೆ ಒಂದ್ಸಲ ಹೋಗಿಬಂದ್ರೆ ಹನ್ನೆರಡು ಲಕ್ಷ, ಪೆಟ್ರೋಲ್ ಬಿಟ್ಟು.

ಡೀಲರ್ ಹುಡ್ಗನಿಗೆ ಫೋನ್ ಮಾಡಿದ್ರೆ ಕಂತು ಜಾಸ್ತಿ ಅಂತ ತಕರಾರು ಅಂದ್ಕೊಂಡ, ಅರ್ಧ ಗಂಟೆಲಿ ಎರಡನೇ ಕೊಟೇಷನ್ ಬಂತು, ರೆಸಿಡ್ಯುಯಲ್ 50 ಪರ್ಸೆಂಟ್, 1.80 ಕೋಟಿ, ತಿಂಗಳ ಕಂತು 8.52ರಿಂದ 7.70 ಲಕ್ಷಕ್ಕೆ ಇಳೀತು. ನೋಡೋಕೆ ಎಷ್ಟು ಚೆಂದ. ಆದ್ರೆ 2028ರಲ್ಲಿ ಕಾರು 1.10 ಕೋಟಿಗೆ ಹೋಯ್ತು ಅಂದ್ಕೊಳ್ಳಿ, ಮೊದಲ ಕೊಟೇಷನ್ನಲ್ಲಿ ಕೊರತೆ 34 ಲಕ್ಷ, ಎರಡನೇದ್ರಲ್ಲಿ 70 ಲಕ್ಷ, ಡೆಪಾಸಿಟ್ 60 ಪೂರ್ತಿ ಮುಳುಗಿ ಮೇಲೆ ಹತ್ತು ಲಕ್ಷ ನಾವೇ ಕೊಡ್ಬೇಕು. ಕ್ಲೋಸ್ಡ್-ಎಂಡ್ ಲೀಸಲ್ಲಿ ರೆಸಿಡ್ಯುಯಲ್ ಜಾಸ್ತಿ ಇದ್ದಷ್ಟೂ ನಮಗೆ ಲಾಭ, ಓಪನ್-ಎಂಡಲ್ಲಿ ಅದೇ ನಂಬರು ಕೊನೆಗೆ ಕಟ್ಟೋಕೆ ಬಾಕಿ ಇಟ್ಟ ಸಾಲ. ಅಳಿಯನಿಗೆ ವಿಡಿಯೋ ಕಾಲಲ್ಲಿ ಇದನ್ನ ಹೇಳಿದಾಗ ಹೌದಲ್ವಾ ಮಾಮ ಅಂತ ತಲೆ ಕೆರ್ಕೊಂಡ.

ರಿಲಯಬಿಲಿಟಿ ವಿಷಯಕ್ಕೆ ಬರೋಣ, ಕಾರು ಒಳ್ಳೇದಾ ಕೆಟ್ಟದ್ದಾ ಅನ್ನೋದಕ್ಕಿಂತ ನಮ್ಮೂರಲ್ಲಿ ನಿಲ್ಲುತ್ತಾ ಅನ್ನೋದು ನನ್ನ ಪ್ರಶ್ನೆ. ಮೆಕ್‌ಲಾರೆನ್ ಶೋರೂಮ್ ಇರೋದು ಮುಂಬೈಲಿ, ಇಲ್ಲಿಂದ ಸಾವಿರ ಕಿಮೀ ಹತ್ರ ಹತ್ರ, ಏನಾದ್ರೂ ಆದ್ರೆ ಫ್ಲಾಟ್‌ಬೆಡ್ ಮೇಲೆ ಮೆರವಣಿಗೆ. ಹಿಂದಿನ ಟಯರ್ 295/35, 20 ಇಂಚು, ಸ್ಟೆಪ್ನಿ ಇಲ್ಲ, ಪಂಚರ್ ಶಾಪಿನ ಹುಡ್ಗ ನೋಡಿ ಕೈ ಮುಗೀತಾನೆ. ತೋಟದ ಗೇಟಿಂದ ಮನೆಗೆ ಎರಡು ಕಿಮೀ ಮಣ್ಣು ರೋಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಜೀಪೇ ಜಾರುತ್ತೆ. ಮೂಗು ಎತ್ತೋ ಲಿಫ್ಟ್ ಇದ್ರೂ ನಮ್ ಊರಿನ ಹಂಪುಗಳನ್ನ ಹಾಕಿದವ್ರಿಗೆ ಆ ಲಿಫ್ಟಿನ ವಿಷಯ ಗೊತ್ತಿಲ್ಲ. ಮಳೆಗಾಲದಲ್ಲಿ ನಾಲ್ಕು ತಿಂಗಳು ಶೆಡ್ಡಲ್ಲಿ ನಿಂತ್ರೆ ಬ್ಯಾಟರಿಗೆ ಚಾರ್ಜರ್ ಹಾಕಿರ್ಬೇಕು, ಆದ್ರೆ ಮರ ಬಿದ್ರೆ ಮೂರು ದಿನ ಕರೆಂಟೇ ಇರಲ್ಲ. ಎಲ್ಲಕ್ಕಿಂತ ನಂಗೆ ಭಯ ಇಲಿದು. ಭಾವನ ಹಳೇ ಎಸ್‌ಯುವಿ ವೈರಿಂಗನ್ನ ಇಲಿ ಎರಡು ಸಲ ಕಡಿದಿದೆ, ಅದು ಹನ್ನೆರಡು ಸಾವಿರಕ್ಕೆ ಮುಗೀತು.

ವಾರಂಟಿ ಇದೆಯಲ್ಲ ಅಂದ್ರೆ, ಆರ್ಟುರಾ ಬಿಡುಗಡೆ ಹೊತ್ತಲ್ಲಿ ಕಂಪನಿ ಗಾಡಿಗೆ 5 ವರ್ಷ, ಹೈಬ್ರಿಡ್ ಬ್ಯಾಟರಿಗೆ 6 ವರ್ಷ ಅಂತ ಹೇಳಿತ್ತು. 2023ರ ಕೊನೆಗೆ ಐದು ಸೇರ್ಸಿ ನೋಡಿ, 2028ರ ಕೊನೆ. ನಮ್ ಲೀಸ್ ಮುಗಿಯೋದೂ ಆವಾಗ್ಲೇ. ಅಂದ್ರೆ ಆ ಕಾರನ್ನ ಅವ್ರು ಮಾರ್ಕೆಟ್ಟಿಗೆ ಬಿಡೋ ದಿನ ಅದಕ್ಕೆ ವಾರಂಟಿ ಇರಲ್ಲ, ವಾರಂಟಿ ಇಲ್ಲದ ಹೈಬ್ರಿಡ್ ಸೂಪರ್‌ಕಾರಿಗೆ ಕೊಳ್ಳೋನು ಎಂತ ಕೇಳ್ತಾನೆ ಅಂತ ನೀವೇ ಊಹಿಸಿ, ಆ ಕೊರತೆ ಮತ್ತೆ ನಮ್ ಡೆಪಾಸಿಟ್ಟಿಂದ. ರಿಲಯಬಿಲಿಟಿ ಬೇರೆ ರೀಸೇಲ್ ಬೇರೆ ಅಂತ ನಾನು ಅಂದ್ಕೊಂಡಿದ್ದೆ, ಈ ಕಾಗದ ಓದಿದ್ಮೇಲೆ ಎರಡೂ ಒಂದೇ ಜೇಬಿಗೆ ಕೈ ಹಾಕ್ತವೆ ಅಂತ ಗೊತ್ತಾಯ್ತು. ಇನ್ಶೂರೆನ್ಸಲ್ಲೂ ಹಾಗೇ, ಐಡಿವಿ, ಅಂದ್ರೆ ಇನ್ಶೂರೆನ್ಸ್‌ನವ್ರು ಗಾಡಿಗೆ ಕಟ್ಟೋ ಬೆಲೆಯ ಲೆಕ್ಕದಲ್ಲಿ ಎರಡರಿಂದ ಮೂರು ವರ್ಷದ ಗಾಡಿಗೆ 30 ಪರ್ಸೆಂಟ್ ಇಳಿಸ್ತಾರೆ, ಮೂರರಿಂದ ನಾಲ್ಕಕ್ಕೆ 40, ಗಾಡಿ ಪೂರ್ತಿ ಹೋದ್ರೆ ಇನ್ಶೂರೆನ್ಸ್ ಕೊಡೋದಕ್ಕೂ ಲೀಸ್ ಬಾಕಿಗೂ ಮಧ್ಯೆ ವ್ಯತ್ಯಾಸ ಬಂದ್ರೆ ಯಾರದ್ದು ಅಂತ ಕೇಳಿದ್ದಕ್ಕೆ ಉತ್ತರ ಬರ್ಲೇ ಇಲ್ಲ.

ಕೊನೆಗೆ ಒಂದೇ ಮೇಲ್ ಹಾಕಿಸ್ದೆ. ಕೊರತೆ ತುಂಬೋ ಷರತ್ತು ತೆಗೀರಿ, ಕರ್ನಾಟಕದ ಟ್ಯಾಕ್ಸ್ ನೀವು ಕಟ್ಟಿ, ಜಿಎಸ್‌ಟಿ ರೇಟ್ ಬರೆದು ಕೊಡಿ, ರೀಕಾಲ್ ಕೆಲಸ ಬಾಕಿ ಇದ್ಯಾ ಅಂತ ಚಾಸಿ ನಂಬರ್ ಮೇಲೆ ಕಂಪನಿಯಿಂದ ಪತ್ರ ತರಿಸಿ, ರೆಸಿಡ್ಯುಯಲ್ ಬೇಕಿದ್ರೆ 30 ಪರ್ಸೆಂಟ್ ಹಾಕಿ, ಕಂತು ಜಾಸ್ತಿ ಆದ್ರೂ ಪರವಾಗಿಲ್ಲ, ಅಂತ. 30 ಹಾಕಿದ್ರೆ ಜಿಎಸ್‌ಟಿ ಬಿಟ್ಟು ತಿಂಗಳಿಗೆ 9.34 ಲಕ್ಷ ಆಗ್ತಿತ್ತು, ಭಾವ ಅದಕ್ಕೂ ತಯಾರಿದ್ದ, ಆಸೆ ಅಂದ್ರೆ ಆಸೆ. ಕೊಡ್ಲಿ, ಅವನ ದುಡ್ಡು, ನಂದೇನೂ ಇಲ್ಲ, ಆದ್ರೆ ಏನಕ್ಕೆ ಕೊಡ್ತಿದ್ದೀನಿ ಅಂತ ಗೊತ್ತಿದ್ದು ಕೊಡ್ಲಿ. ಎರಡು ವಾರ ಫೋನಿಲ್ಲ, ಆಮೇಲೆ ಷರತ್ತು ಕಂಪನಿ ಪಾಲಿಸಿ, ಬದಲಾಯಿಸೋಕೆ ಆಗಲ್ಲ ಅಂತ ಎರಡು ಸಾಲು.

ಭಾವ ಅಷ್ಟರಲ್ಲಿ ನನಗೆ ಹೇಳ್ದೆ 2 ಲಕ್ಷ ಟೋಕನ್ ಕೊಟ್ಟಿದ್ದ, ಅದು ವಾಪಸ್ ಬರೋಕೆ ಐದು ವಾರ, ಹದಿನೈದು ಫೋನ್ ಬೇಕಾಯ್ತು. ಮೊನ್ನೆ ಅದೇ ಕಾರು, ಅದೇ ಬಣ್ಣ, ಅದೇ ಕಿಲೋಮೀಟರ್, 3.35 ಕೋಟಿ ಅಂತ ಜಾಹೀರಾತಲ್ಲಿ ಬಂದಿದ್ದನ್ನ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದ, ಕೆಳಗೆ "ಇನ್ನೂ ಇಳಿಯುತ್ತೆ ಅಲ್ವಾ?" ಅಂತ. ಹೂಂ ಅಂತ ಹಾಕಿ ಸುಮ್ನಾದೆ. ಭಾನುವಾರ ಅವರ ಮನೆಗೆ ಹೋದಾಗ ಅತ್ತೆ ಮತ್ತೆ ಕೇಳಿದ್ರು, ಭೋಗ್ಯದ ದುಡ್ಡು ವಾಪಸ್ ಬಂತೇನೋ ಅಂತ. ಎರಡು ಲಕ್ಷ ಬಂತು ಅತ್ತೆ ಅಂದೆ.